ಮಳೆಗಾಲದ ಟಾರ್ಚಿಗೆ ರೀಚಾರ್ಜ್ ಸೆಲ್: ಮೊದಲು ಚಾರ್ಜರ್ ನೋಡಿ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಅಡಿಕೆ ತೋಟ. ರಾತ್ರಿ ಕೊಟ್ಟಿಗೆಗೆ, ತೋಟಕ್ಕೆ ಹೋಗಲು ಮೂರು ದೊಡ್ಡ ಸೆಲ್ಲಿನ ಹಳೇ ಸ್ಟೀಲ್ ಟಾರ್ಚ್ ಇದೆ. ಪೆನ್ಸಿಲ್ ಸೆಲ್ ಹಾಕುವ ಸಣ್ಣ ಎಲ್‌ಇಡಿ ಟಾರ್ಚ್ ಎರಡಿವೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸೆಲ್ ತರುತ್ತೇನೆ. ಕಳೆದ ವರ್ಷ ಸೆಲ್ ಸೋರಿ ದೊಡ್ಡ ಟಾರ್ಚಿನ ಸ್ಪ್ರಿಂಗ್ ತುಕ್ಕು ಹಿಡಿದಿದೆ. ರೀಚಾರ್ಜ್ ಸೆಲ್ ತಗೊಳ್ಳಿ ಎಂದು ಮಗ ಹೇಳುತ್ತಾನೆ. ಅದು ಬರೀ 1.2 ವೋಲ್ಟ್, ಬೆಳಕು ಸಾಲುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಯಾರ ಮಾತು ಕೇಳಲಿ? ಯಾವ ಚಾರ್ಜರ್ ಒಳ್ಳೆಯದು? ನಮ್ಮಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಬರದಿರುವುದೂ ಉಂಟು.

ಉತ್ತರ: ಮಗನ ಮಾತು ಕೇಳಿ. ಆದರೆ ಸೆಲ್ ಕೊಳ್ಳುವ ಮೊದಲು ಚಾರ್ಜರ್ ಆರಿಸಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ದುಡ್ಡೆಲ್ಲ ಸೆಲ್ಲಿಗೆ ಹಾಕಿ, ಅದರ ಜೊತೆ ಸಿಕ್ಕ ಚಾರ್ಜರನ್ನೇ ಗೋಡೆಗೆ ಚುಚ್ಚುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸೆಲ್ ಸತ್ತಿರುತ್ತದೆ. ಆಮೇಲೆ ರೀಚಾರ್ಜ್ ಸೆಲ್ಲೇ ಸುಳ್ಳು ಅನ್ನುತ್ತಾರೆ. ಶಿವಮೊಗ್ಗದಲ್ಲಿ ರಿಪೇರಿ ಮೇಜಿನ ಮುಂದೆ ಕೂತು ನಾನು ನೋಡಿದ ಸತ್ತ ಸೆಲ್‌ಗಳಲ್ಲಿ ಜಾಸ್ತಿ ಭಾಗ ಚಾರ್ಜರ್ ಕೊಂದಿದ್ದು.

ನಮ್ಮ ಕಡೆ ಟಾರ್ಚಿಗೇ ಬ್ಯಾಟ್ರಿ ಅನ್ನುತ್ತೇವೆ. ಗೊಂದಲ ಆಗದಿರಲಿ ಎಂದು ಇಲ್ಲಿ ಟಾರ್ಚ್, ಸೆಲ್ ಎಂದೇ ಬರೆಯುತ್ತೇನೆ. ಪೆನ್ಸಿಲ್ ಸೆಲ್ ಅಂದರೆ ‘ಎಎ’ ಅಳತೆಯದು, ದೊಡ್ಡ ಸೆಲ್ ಅಂದರೆ ‘ಡಿ’ ಅಳತೆಯದು.

ಮೊದಲು ಅಂಗಡಿಯವರ ಮಾತು ನೋಡೋಣ. ರೀಚಾರ್ಜ್ ಸೆಲ್ 1.2 ವೋಲ್ಟ್ ಅನ್ನುವುದು ನಿಜ. ಸಾದಾ ಸೆಲ್ಲಿನ ಮೇಲೆ 1.5 ಎಂದಿರುವುದೂ ನಿಜ. ಆದರೆ ಸಾದಾ ಸೆಲ್ 1.5ರಲ್ಲಿ ನಿಲ್ಲುವುದಿಲ್ಲ. ಟಾರ್ಚ್ ಹೊತ್ತಿಸಿದ ಗಳಿಗೆಯಿಂದ ಇಳಿಯುತ್ತಲೇ ಹೋಗುತ್ತದೆ. ಹೊಸ ಸೆಲ್ ಹಾಕಿದ ದಿನ ಬೆಳ್ಳಗೆ, ನಾಲ್ಕನೇ ದಿನ ಹಳದಿ, ವಾರದ ಮೇಲೆ ಕೆಂಪು. ಇದು ನೀವೇ ಕಂಡಿದ್ದು. ಟಾರ್ಚಿಗೆ ಹಾಕುವ ರೀಚಾರ್ಜ್ ಸೆಲ್, ಅಂದರೆ ನಿಕಲ್ ಮೆಟಲ್ ಹೈಡ್ರೈಡ್ ಸೆಲ್, ಬೇರೆ ಥರ. ಚಾರ್ಜರಿನಿಂದ ತೆಗೆದಾಗ 1.4 ವೋಲ್ಟ್ ಹತ್ತಿರ ಇರುತ್ತದೆ. ಬೇಗನೆ 1.2ರ ಆಸುಪಾಸಿಗೆ ಬಂದು ಹೆಚ್ಚುಕಮ್ಮಿ ಕೊನೆಯವರೆಗೂ ಅಲ್ಲೇ ನಿಲ್ಲುತ್ತದೆ.

ಇದಕ್ಕೆ ಸಾಕ್ಷಿ ನಿಮ್ಮ ಟಾರ್ಚಿನೊಳಗೇ ಇದೆ. ಹಳೇ ಬಲ್ಬ್ ಇನ್ನೂ ಇದ್ದರೆ ಬಿಚ್ಚಿ, ಅದರ ಬುಡ ನೋಡಿ. ಮೂರು ಸೆಲ್ಲಿನ ಟಾರ್ಚಿನ ಬಲ್ಬಿನ ಮೇಲೆ ಸಾಮಾನ್ಯವಾಗಿ 3.8 ವೋಲ್ಟ್ ಎಂದು ಕೊರೆದಿರುತ್ತದೆ. ಎರಡು ಸೆಲ್ಲಿನದಾದರೆ 2.5. ಸೆಲ್ 1.5ರಲ್ಲೇ ನಿಲ್ಲುವುದಾಗಿದ್ದರೆ ಮೂರಕ್ಕೆ 4.5 ಎಂದು ಇರಬೇಕಿತ್ತು, ಅಲ್ವಾ? ಸೆಲ್ ಇಳಿಯುತ್ತದೆ ಎಂದು ಬಲ್ಬ್ ಮಾಡಿದವರಿಗೆ ಗೊತ್ತಿತ್ತು. ಇಳಿದ ವೋಲ್ಟೇಜಿಗೆ ತಕ್ಕಂತೆ ಮಾಡಿಟ್ಟರು. ಮೂರು ರೀಚಾರ್ಜ್ ಸೆಲ್ ಸೇರಿದರೆ 3.6. ಬಲ್ಬ್ ಕೇಳುವುದಕ್ಕೆ ಅಷ್ಟು ಹತ್ತಿರ. ಮೊದಲ ದಿನದ ಹೊಳಪು ಸ್ವಲ್ಪ ಕಡಿಮೆ ಅನ್ನಿಸಬಹುದು. ಎರಡನೇ ದಿನದಿಂದ ರೀಚಾರ್ಜ್ ಸೆಲ್ಲೇ ಮುಂದೆ.

ಸಣ್ಣ ಎಲ್‌ಇಡಿ ಟಾರ್ಚುಗಳ ಚಿಂತೆಯೂ ಬೇಡ. ಬಿಳಿ ಎಲ್‌ಇಡಿ ಹೊತ್ತಲು ಸುಮಾರು 3 ವೋಲ್ಟ್ ಬೇಕು. ಒಂದು ಅಥವಾ ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಅದು ಚೆನ್ನಾಗಿ ಉರಿಯುತ್ತಿದೆ ಅಂದರೆ, ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಒಳಗೆ ಇದೆ ಎಂದೇ ಅರ್ಥ. ಆ ಸರ್ಕ್ಯೂಟಿಗೆ 1.2 ಸಾಕು. ರಿಮೋಟಿಗೆ ಹಾಕುವ ಸಣ್ಣ ಸೆಲ್ ಮೂರು ಕೂರುವ ಅಗ್ಗದ ಟಾರ್ಚಿನಲ್ಲಿ ಮಾತ್ರ ಬೆಳಕು ಕೊಂಚ ಕಡಿಮೆ ಬರುತ್ತದೆ. ಅಂಗಳ ದಾಟಲು ಅದೂ ಸಾಕು.

ಈಗ ಚಾರ್ಜರ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಿಮ್ಮ ಊರಿನ ಕಷ್ಟ ಇರುವುದೇ ಇಲ್ಲಿ.

ನಿಮ್ಮ ದೊಡ್ಡ ಟಾರ್ಚಿಗೂ ಪೆನ್ಸಿಲ್ ಸೆಲ್ಲೇ ಸಾಕು, ಹೇಗೆಂದು ಮುಂದೆ ಹೇಳುತ್ತೇನೆ. ಪೆನ್ಸಿಲ್ ಸೆಲ್ಲಿನ ಚಾರ್ಜರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಗಡಿಯಾರ ನೋಡಿ ನಿಲ್ಲಿಸುತ್ತದೆ. ಇನ್ನೊಂದು ಸೆಲ್ಲನ್ನೇ ನೋಡಿ ನಿಲ್ಲಿಸುತ್ತದೆ. ಗಡಿಯಾರದ ಚಾರ್ಜರಿಗೆ ಸೆಲ್ ಖಾಲಿಯೋ, ಅರ್ಧವೋ ಗೊತ್ತಿಲ್ಲ. ಹತ್ತು ಗಂಟೆ ಎಂದು ಲೆಕ್ಕ ಇದ್ದರೆ ಹತ್ತು ಗಂಟೆ ಕರೆಂಟ್ ತುಂಬಿ ನಿಲ್ಲುತ್ತದೆ. ಕರೆಂಟ್ ಹೋಗದ ಊರಿನಲ್ಲಿ, ಪೂರ್ತಿ ಖಾಲಿಯಾದ ಸೆಲ್ಲಿಗೆ, ಇದು ಹೇಗೋ ನಡೆದೀತು. ನಮ್ಮಲ್ಲಿ ನಡೆಯುವುದಿಲ್ಲ. ಕರೆಂಟ್ ಹೋಗಿ ಬಂದರೆ ಇಂಥ ಬಹಳಷ್ಟು ಚಾರ್ಜರುಗಳು ಲೆಕ್ಕವನ್ನು ಮತ್ತೆ ಒಂದರಿಂದ ಶುರು ಮಾಡುತ್ತವೆ. ರಾತ್ರಿ ಎಂಟಕ್ಕೆ ಸೆಲ್ ಹಾಕಿದಿರಿ ಅಂದುಕೊಳ್ಳಿ. ಹನ್ನೆರಡಕ್ಕೆ ಕರೆಂಟ್ ಹೋಗಿ ಒಂದಕ್ಕೆ ಬಂತು. ಐದಕ್ಕೆ ಹೋಗಿ ಆರಕ್ಕೆ ಬಂತು. ಬೆಳಗ್ಗೆ ಕೊಟ್ಟಿಗೆ ಕೆಲಸ, ತೋಟದ ಕೆಲಸ, ನಿಮಗೆ ಸೆಲ್ ನೆನಪಿರುವುದಿಲ್ಲ. ಅದು ಸಂಜೆ ನಾಲ್ಕರವರೆಗೆ ತುಂಬುತ್ತಲೇ ಇರುತ್ತದೆ. ತುಂಬಿದ ಸೆಲ್ಲಿಗೆ ಮತ್ತೆ ತುಂಬಿದ್ದೆಲ್ಲ ಶಾಖವಾಗುತ್ತದೆ. ಸೆಲ್ಲಿನ ಒಳಗಿನ ದ್ರವ ಅನಿಲವಾಗಿ ಹೊರಗೆ ಹೋಗುತ್ತದೆ. ಹೀಗೆ ಹತ್ತಾರು ಸಲ ಆದರೆ ಸೆಲ್ ಒಣಗಿ ಹೋಯಿತು. ನೂರಾರು ಸಲ ಚಾರ್ಜ್ ಆಗಬೇಕಾದದ್ದು ಒಂದೇ ಮಳೆಗಾಲಕ್ಕೆ ಮುಗಿಯಿತು.

ಸೆಲ್ಲನ್ನು ನೋಡುವ ಚಾರ್ಜರ್ ಹೇಗೆ ಕೆಲಸ ಮಾಡುತ್ತದೆ? ತುಂಬುತ್ತಾ ಬಂದಂತೆ ಸೆಲ್ಲಿನ ವೋಲ್ಟೇಜ್ ಮೆಲ್ಲಗೆ ಏರುತ್ತದೆ. ಪೂರ್ತಿ ತುಂಬಿದಾಗ ಏರುವುದು ನಿಂತು, ಕೆಲವೇ ಮಿಲಿವೋಲ್ಟ್ ಇಳಿಯುತ್ತದೆ. ಆ ಇಳಿತವೇ ಗುರುತು. ಚಾರ್ಜರ್ ಅದನ್ನು ಹಿಡಿದ ಕೂಡಲೇ ನಿಲ್ಲಿಸುತ್ತದೆ. ಕರೆಂಟ್ ಹತ್ತು ಸಲ ಹೋಗಿ ಬಂದರೂ ತೊಂದರೆ ಇಲ್ಲ. ತುಂಬಿದ ಸೆಲ್ ಇದ್ದರೆ ಸ್ವಲ್ಪ ಹೊತ್ತಿನಲ್ಲೇ ಗುರುತು ಸಿಕ್ಕಿ ನಿಲ್ಲುತ್ತದೆ. ನಿಮಗೆ ಬೇಕಾದದ್ದು ಇದು. ಡಬ್ಬದ ಮೇಲೆ ‘ಸ್ಮಾರ್ಟ್’ ಎಂದು ಬರೆದಿದ್ದರೆ ಸಾಲದು. ಆ ಪದವನ್ನು ಯಾರು ಬೇಕಾದರೂ ಬರೆಯಬಹುದು. ಒಂದೊಂದು ಸೆಲ್ಲಿಗೂ ಬೇರೆ ಬೇರೆ ದೀಪ ಅಥವಾ ಬೇರೆ ಬೇರೆ ಗೆರೆ ಇದೆಯೇ ನೋಡಿ. ಒಂದೇ ಸೆಲ್ ಹಾಕಿದರೂ ಚಾರ್ಜ್ ಮಾಡುತ್ತದೆಯೇ ಕೇಳಿ. ಜೋಡಿ ಹಾಕಿದರೆ ಮಾತ್ರ ನಡೆಯುವ ಚಾರ್ಜರ್ ಬೇಡವೇ ಬೇಡ. ನಿಮ್ಮದು ಮೂರು ಸೆಲ್ಲಿನ ಟಾರ್ಚ್. ಮೂರನೆಯದಕ್ಕೆ ಜೋಡಿ ಎಲ್ಲಿಂದ ತರುತ್ತೀರಿ?

ಎಷ್ಟು ವೇಗದಲ್ಲಿ ತುಂಬಬೇಕು ಅನ್ನುವುದರಲ್ಲಿ ಒಂದು ತಪ್ಪು ನಂಬಿಕೆ ಇದೆ. ನಿಧಾನ ತುಂಬಿದಷ್ಟೂ ಸೆಲ್ಲಿಗೆ ಒಳ್ಳೆಯದು ಎಂದು. ಸೆಲ್ ನೋಡುವ ಚಾರ್ಜರಿಗೆ ಇದು ಸರಿಯಲ್ಲ. ತೀರಾ ನಿಧಾನವಾದರೆ ಆ ಸಣ್ಣ ಇಳಿತ ಮಸುಕಾಗಿ ಚಾರ್ಜರಿಗೆ ಸಿಗುವುದೇ ಇಲ್ಲ. ತೀರಾ ಜೋರಾದರೆ ಸೆಲ್ ಕಾಯುತ್ತದೆ. ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದರ ಅಳತೆ ಎಂಎಎಚ್. 2,000 ಎಂಎಎಚ್‌ನ ಪೆನ್ಸಿಲ್ ಸೆಲ್ಲಿಗೆ 500ರಿಂದ 1,000 ಮಿಲಿಆಂಪ್ ಸರಿಯಾದ ವೇಗ. ಎರಡೂವರೆಯಿಂದ ಐದು ಗಂಟೆಯೊಳಗೆ ತುಂಬುತ್ತದೆ. ನಮ್ಮ ಲೆಕ್ಕದಲ್ಲಿ ಇದರಿಂದ ಇನ್ನೊಂದು ಲಾಭ. ಮಧ್ಯಾಹ್ನ ನಾಲ್ಕೈದು ಗಂಟೆ ಹೊತ್ತು ಕರೆಂಟ್ ಇದ್ದರೆ ರಾತ್ರಿಗೆ ಸೆಲ್ ತಯಾರು. ತುಂಬುವಾಗ ಸೆಲ್ ಬೆಚ್ಚಗಾಗುವುದು ಸಹಜ. ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಕೂಡಲೇ ತೆಗೆಯಿರಿ. ಆ ಸೆಲ್ ಹಳತಾಗಿದೆ, ಇಲ್ಲವೇ ಚಾರ್ಜರ್ ಸರಿಯಿಲ್ಲ.

ಇನ್ನು ನೀವು ಹೇಳಿದ ಎರಡು ಮೂರು ದಿನದ ಕತ್ತಲೆ. ಆರಿದ್ರಾ ಮಳೆ, ಪುಷ್ಯ ಮಳೆ ಹೊತ್ತಿಗೆ ಮರ ಬಿದ್ದು ತಂತಿ ತುಂಡಾದರೆ ಯಾರೇನು ಮಾಡಲು ಆದೀತು? ಅದಕ್ಕಾಗಿ ಗೋಡೆಯ ಪ್ಲಗ್ಗಿಗೆ ಮಾತ್ರ ಕೂರುವ ಚಾರ್ಜರ್ ತಗೊಳ್ಳಬೇಡಿ. ಮೊಬೈಲ್ ಚಾರ್ಜರಿನ ಯುಎಸ್‌ಬಿ ವೈರಿನಿಂದ ನಡೆಯುವುದನ್ನು ಕೊಳ್ಳಿ. ಆಗ ಪವರ್ ಬ್ಯಾಂಕಿನಿಂದಲೂ ನಡೆಯುತ್ತದೆ, ಜೀಪಿನಿಂದಲೂ ನಡೆಯುತ್ತದೆ, ಮನೆಗೆ ಸಣ್ಣ ಸೋಲಾರ್ ಇದ್ದರೆ ಅದರಿಂದಲೂ. 10,000 ಎಂಎಎಚ್ ಪವರ್ ಬ್ಯಾಂಕ್ ನಾಲ್ಕು ಪೆನ್ಸಿಲ್ ಸೆಲ್ಲನ್ನು ಒಂದು ಸಲ ಆರಾಮಾಗಿ ತುಂಬುತ್ತದೆ, ಮೇಲೆ ಮೊಬೈಲಿಗೂ ಸ್ವಲ್ಪ ಉಳಿಯುತ್ತದೆ. ಇನ್ವರ್ಟರಿನಿಂದಲೂ ಚಾರ್ಜ್ ಮಾಡಬಹುದು. ಆದರೆ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಭಾರದ ಚಾರ್ಜರನ್ನು ಸ್ಕ್ವೇರ್ ವೇವ್ ಇನ್ವರ್ಟರಿಗೆ ಹಾಕಬೇಡಿ, ಗುಂಯ್ ಎಂದು ಕಾಯುತ್ತದೆ. ಸಿಡಿಲು ಗುಡುಗು ಶುರುವಾದರೆ ಚಾರ್ಜರನ್ನು ಪ್ಲಗ್ಗಿನಿಂದಲೇ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಚಾರ್ಜರ್ ಆಯಿತು. ಸೆಲ್ ಯಾವುದು? ‘ಲೋ ಸೆಲ್ಫ್ ಡಿಸ್ಚಾರ್ಜ್’ ಅಥವಾ ‘ರೆಡಿ ಟು ಯೂಸ್’ ಎಂದು ಬರೆದಿರುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲನ್ನೇ ತಗೊಳ್ಳಿ. ಹಿಂದಿನ ರೀಚಾರ್ಜ್ ಸೆಲ್ ಸುಮ್ನೆ ಇಟ್ಟರೂ ಚಾರ್ಜ್ ಇಳಿದು ಹೋಗುತ್ತಿತ್ತು. ಒಂದು ತಿಂಗಳಲ್ಲಿ ಕಾಲು ಭಾಗ ಖಾಲಿ. ದೇವರ ಗೂಡಿನ ಪಕ್ಕ ಇಟ್ಟ ಟಾರ್ಚ್ ಬೇಕಾದಾಗ ಹೊತ್ತುತ್ತಿರಲಿಲ್ಲ. 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನೆಲೂಪ್ ಎಂಬ ಸೆಲ್ ತಂದ ಮೇಲೆ ಇದು ಬದಲಾಯಿತು. ಈಗ ಅದು ಪ್ಯಾನಸಾನಿಕ್ ಹೆಸರಿನಲ್ಲಿ ಬರುತ್ತದೆ. ಈ ಜಾತಿಯ ಸೆಲ್ ಒಂದು ವರ್ಷ ಇಟ್ಟರೂ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಚಾರ್ಜ್ ಉಳಿಸಿಕೊಳ್ಳುತ್ತದೆ. ಇದೇ ಗುಣದ ಬೇರೆ ಕಂಪನಿಗಳ ಸೆಲ್ಲೂ ಸಿಗುತ್ತವೆ.

ಪೆನ್ಸಿಲ್ ಸೆಲ್ಲಿನ ಮೇಲೆ ದೊಡ್ಡ ಅಂಕಿ ಕಂಡು ಮರುಳಾಗಬೇಡಿ. ಈ ಜಾತಿಯ ನಿಜವಾದ ಸೆಲ್ ಸಾಮಾನ್ಯವಾಗಿ 1,900ರಿಂದ 2,500 ಎಂಎಎಚ್ ಒಳಗೆ ಇರುತ್ತದೆ. 2,000ದ್ದು 2,500ದ್ದಕ್ಕಿಂತ ಹೆಚ್ಚು ಸಲ ಚಾರ್ಜ್ ಆಗಿ ಹೆಚ್ಚು ವರ್ಷ ಬಾಳುತ್ತದೆ. ದಿನಾ ಬಳಸುವ ಟಾರ್ಚಿಗೆ ನಾನು 2,000ವನ್ನೇ ಹೇಳುತ್ತೇನೆ. 4,000 ಎಂದು ಬರೆದ ಪೆನ್ಸಿಲ್ ಸೆಲ್ ಕಂಡರೆ ಕೈ ಹಾಕಬೇಡಿ. ಏಲಕ್ಕಿ ತೂಗುವ ಸಣ್ಣ ತಕ್ಕಡಿ ಮನೆಯಲ್ಲಿದ್ದರೆ ತೂಗಿ ನೋಡಿ. ಒಳ್ಳೆಯದು 26 ಗ್ರಾಮಿನ ಆಸುಪಾಸು ಬರುತ್ತದೆ. 18 ಗ್ರಾಂ ಬಂದರೆ ಒಳಗೆ ಸರಕಿಲ್ಲ.

ನಿಮ್ಮ ಸ್ಟೀಲ್ ಟಾರ್ಚಿಗೆ ದೊಡ್ಡ ರೀಚಾರ್ಜ್ ಸೆಲ್ಲನ್ನೇ ಹುಡುಕಬೇಕಿಲ್ಲ. ನಿಜವಾದ ದೊಡ್ಡ ರೀಚಾರ್ಜ್ ಸೆಲ್ 8,000 ಎಂಎಎಚ್ ಮೇಲೆ ಇರುತ್ತದೆ, ಬೆಲೆಯೂ ಹಾಗೇ ಇರುತ್ತದೆ. ಅಗ್ಗಕ್ಕೆ ಸಿಗುವ ಹಲವು ದೊಡ್ಡ ಸೆಲ್ಲಿನ ಒಳಗೆ ಪೆನ್ಸಿಲ್ ಸೆಲ್ಲಿನಷ್ಟೇ ಸರಕು, ಉಳಿದದ್ದು ಟೊಳ್ಳು. ಅದರ ಬದಲು ಪೆನ್ಸಿಲ್ ಸೆಲ್ಲನ್ನು ದೊಡ್ಡ ಸೆಲ್ಲಿನ ಅಳತೆಗೆ ತರುವ ಪ್ಲಾಸ್ಟಿಕ್ ಅಡಾಪ್ಟರ್ ಸಿಗುತ್ತದೆ. ಮೂರು ತಗೊಳ್ಳಿ. ಬಲ್ಬಿನ ಮೇಲೆ 0.3 ಆಂಪ್ ಎಂದಿದ್ದರೆ ಒಂದು ಚಾರ್ಜಿಗೆ ಆರು ಗಂಟೆ ಉರಿಯುತ್ತದೆ. ದಿನಕ್ಕೆ ಅರ್ಧ ಗಂಟೆ ಬಳಸಿದರೆ ಹನ್ನೆರಡು ದಿನ. ಟಾರ್ಚ್ ಹಗುರವಾಗುತ್ತದೆ, ಅದೊಂದು ಅನುಕೂಲ. ಎಲ್ಲ ಟಾರ್ಚಿಗೂ ಒಂದೇ ಅಳತೆಯ ಸೆಲ್, ಒಂದೇ ಚಾರ್ಜರ್. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಅನುಕೂಲ.

ಎಷ್ಟು ಸೆಲ್ ಬೇಕು? ಟಾರ್ಚಿನಲ್ಲಿ ಒಂದು ಸೆಟ್, ತುಂಬಿಸಿ ಡಬ್ಬಿಯಲ್ಲಿಟ್ಟ ಇನ್ನೊಂದು ಸೆಟ್. ಒಂದು ಒಳ್ಳೆಯ ರೀಚಾರ್ಜ್ ಸೆಲ್ಲಿನ ದುಡ್ಡಿಗೆ ಹದಿನೈದು ಇಪ್ಪತ್ತು ಸಾದಾ ಪೆನ್ಸಿಲ್ ಸೆಲ್ ಬರುತ್ತವೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸೆಲ್ ಬದಲಿಸುವ ನಿಮ್ಮಂಥವರಿಗೆ ಕೆಲವು ವರ್ಷಗಳಲ್ಲಿ ಆ ದುಡ್ಡು ಹುಟ್ಟುತ್ತದೆ. ಒಟ್ಟಿಗೆ ಕೊಂಡ ಸೆಲ್ಲುಗಳನ್ನು ಒಟ್ಟಿಗೇ ಬಳಸಿ. ಮಾರ್ಕರಿನಲ್ಲಿ ‘ಅ’, ‘ಆ’ ಎಂದು ಗುರುತು ಹಾಕಿಬಿಡಿ. ತುಂಬಿದ ಎರಡರ ಜೊತೆ ಖಾಲಿ ಒಂದನ್ನು ಹಾಕಿದರೆ, ಆ ಖಾಲಿ ಸೆಲ್ಲಿನೊಳಗೆ ಕರೆಂಟ್ ಉಲ್ಟಾ ಹೊಡೆದು ಅದು ಹಾಳಾಗುತ್ತದೆ. ಸಾದಾ ಸೆಲ್ಲಿನ ಜೊತೆ ಸೇರಿಸುವುದಂತೂ ಕೂಡದು. ಬೆಳಕು ಮಂಕಾದ ಕೂಡಲೇ ಬದಲಿಸಿ, ಪೂರ್ತಿ ಆರುವವರೆಗೆ ಹಿಂಡಬೇಡಿ. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಹಾಕಬೇಕು ಎಂಬ ಮಾತು ಹಳೇ ನಿಕಲ್ ಕ್ಯಾಡ್ಮಿಯಂ ಕಾಲದ್ದು. ಸತ್ತ ಸೆಲ್ಲನ್ನು ಬಿಸಿಲಿಗಿಟ್ಟು ಎರಡು ದಿನ ಎಳೆಯುವ ಅಭ್ಯಾಸ ನಮ್ಮ ಮನೆಗಳಲ್ಲಿ ಇತ್ತಲ್ಲ, ರೀಚಾರ್ಜ್ ಸೆಲ್ಲಿಗೆ ಅದನ್ನು ಮಾಡಲೇಬಾರದು.

ಅಂಗಡಿಯಲ್ಲಿ ಇನ್ನೊಂದು ಬಗೆಯ ಸೆಲ್ ತೋರಿಸಬಹುದು. ಪೆನ್ಸಿಲ್ ಸೆಲ್ಲಿನದೇ ಅಳತೆ, ‘1.5 ವೋಲ್ಟ್ ಲಿಥಿಯಂ’, ಕೆಲವಕ್ಕೆ ಮೈಯಲ್ಲೇ ಯುಎಸ್‌ಬಿ ತೂತು. 1.2ರ ಚಿಂತೆಯೇ ಇಲ್ಲವಲ್ಲ ಎಂದು ಆಸೆಯಾಗುತ್ತದೆ. ನಾನೂ ಅದಕ್ಕೇ ಕೊಂಡಿದ್ದೆ. ಅದರೊಳಗೆ ಲಿಥಿಯಂ ಸೆಲ್ಲಿನ ವೋಲ್ಟೇಜನ್ನು 1.5ಕ್ಕೆ ಇಳಿಸಿ ಹಿಡಿಯುವ ಪುಟ್ಟ ಸರ್ಕ್ಯೂಟ್ ಇದೆ. ಕೊನೆಯ ಹನಿಯವರೆಗೂ 1.5 ಕೊಟ್ಟು, ತಟ್ಟನೆ ಸೊನ್ನೆ. ತೀರ್ಥಹಳ್ಳಿ ಹತ್ತಿರ ನೆಂಟರ ಮನೆಗೆ ಹೋಗುವಾಗ ಜುಲೈ ತಿಂಗಳ ರಾತ್ರಿ, ಕಾಲುಸಂಕದ ನಡುವೆ ನನ್ನ ಟಾರ್ಚ್ ಹಾಗೇ ಆರಿತು. ಮಂಕಾಗಲಿಲ್ಲ, ಮಿನುಗಲಿಲ್ಲ. ಕೆಳಗೆ ಹಳ್ಳ ತುಂಬಿ ಹರಿಯುತ್ತಿತ್ತು. ಕೂತು, ಕೈಯಲ್ಲಿ ಹಲಗೆ ತಡವುತ್ತಾ ದಾಟಿದೆ. ಅಂದಿನಿಂದ ರಾತ್ರಿ ನಡೆಯುವಾಗ ಹಿಡಿಯುವ ಟಾರ್ಚಿಗೆ ಆ ಸೆಲ್ ಹಾಕುವುದಿಲ್ಲ. ದರಕಿನ (ಉದುರಿದ ಒಣ ಎಲೆಯ) ಮೇಲೆ ಕೊಳಕುಮಂಡಲ ಹಾವು ಮಲಗುವ ತೋಟದಲ್ಲಿ ಓಡಾಡುವವರಿಗೆ, ‘ಇನ್ನು ಸ್ವಲ್ಪ ಹೊತ್ತಷ್ಟೇ’ ಎಂದು ಮಂಕಾಗಿ ಹೇಳುವ ಟಾರ್ಚ್ ಬೇಕು. ರೇಡಿಯೋಗೂ ಅದು ಆಗುವುದಿಲ್ಲ. ಮೀಡಿಯಂ ವೇವ್‌ನಲ್ಲಿ ಭದ್ರಾವತಿ ಆಕಾಶವಾಣಿ ಕೇಳುವವರಾದರೆ, ಆ ಸರ್ಕ್ಯೂಟಿನ ಗೊರಗೊರ ಸದ್ದು ಹಾಡಿನ ಜೊತೆ ಬರಬಹುದು.

ತೋಟದ ಆಚೆ ತುದಿಯವರೆಗೆ, ಗದ್ದೆಗೆ ಹಂದಿ ಬಂತೇ ಎಂದು ನೋಡುವಷ್ಟು ಬೆಳಕು ಬೇಕೆಂದರೆ ಹೊಸ ಟಾರ್ಚ್ ಬೇಕಾಗುತ್ತದೆ. 18650 ಎಂಬ ಲಿಥಿಯಂ ಅಯಾನ್ ಸೆಲ್ಲಿನದು. ಆ ಅಂಕಿ ಅಳತೆಯದು, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. 3,000 ಎಂಎಎಚ್‌ನ ಒಂದು ಸೆಲ್ಲಿನಲ್ಲಿ ನಾಲ್ಕು ಪೆನ್ಸಿಲ್ ಸೆಲ್ಲಿಗಿಂತ ಜಾಸ್ತಿ ಶಕ್ತಿ. ಅಷ್ಟು ಶಕ್ತಿ ಅಂದರೆ ಅಷ್ಟೇ ಎಚ್ಚರವೂ ಬೇಕು. ಈ ಅಳತೆಯಲ್ಲಿ ನಿಜವಾಗಿ ಸಾಮಾನ್ಯವಾಗಿ ಸಿಗುವುದು 3,500ರ ಆಸುಪಾಸಿನವರೆಗೆ. 9,900 ಎಂದು ಬರೆದಿದ್ದರೆ ಹಸಿ ಸುಳ್ಳು. ತೂಕ 45 ಗ್ರಾಮಿನ ಹತ್ತಿರ ಇರಬೇಕು. ಬಿಡಿ ಸೆಲ್ಲನ್ನು ಕಿಸೆಯಲ್ಲಿ ಬೀಗದ ಕೈ, ಚಿಲ್ಲರೆ, ಅಡಿಕೆ ಕತ್ತರಿಯ ಜೊತೆ ಹಾಕಿಕೊಳ್ಳಬೇಡಿ. ಅದರ ಇಡೀ ಮೈ ಮೈನಸ್. ಮೇಲಿನ ತೆಳು ಪ್ಲಾಸ್ಟಿಕ್ ಹರಿದರೆ, ಪ್ಲಸ್ ತುದಿಯ ಪಕ್ಕದಲ್ಲೇ ಮೈನಸ್ ಬರಿಮೈಯಲ್ಲಿ ಇರುತ್ತದೆ. ಒಂದು ಬೀಗದ ಕೈ ಎರಡನ್ನೂ ಮುಟ್ಟಿದರೆ ಬೆಂಕಿ ಹತ್ತಬಹುದು. ಹರಿದ ಸೆಲ್ ಬಳಸಬೇಡಿ.

ಇದರ ಚಾರ್ಜರೇ ಬೇರೆ. ಲಿಥಿಯಂ ಸೆಲ್ಲನ್ನು 4.2 ವೋಲ್ಟಿಗೆ ಒಯ್ದು ಅಲ್ಲೇ ಹಿಡಿದು, ಕರೆಂಟ್ ಕಡಿಮೆಯಾದ ಮೇಲೆ ನಿಲ್ಲಿಸಬೇಕು. ಪೆನ್ಸಿಲ್ ಸೆಲ್ಲಿನ ಚಾರ್ಜರಿಗೆ ಇದನ್ನು, ಇದರ ಚಾರ್ಜರಿಗೆ ಪೆನ್ಸಿಲ್ ಸೆಲ್ಲನ್ನು ಹಾಕಿದರೆ ಅಪಾಯ. ಎರಡನ್ನೂ ಗುರುತಿಸಿ ತಾನೇ ಹೊಂದಿಸಿಕೊಳ್ಳುವ ಚಾರ್ಜರುಗಳಿವೆ. ಎಕ್ಸ್‌ಟಾರ್, ನೈಟ್‌ಕೋರ್ ಮುಂತಾದ ಕಂಪನಿಗಳು ಮಾಡುತ್ತವೆ, ಅವುಗಳಲ್ಲಿ ಹಲವು ಯುಎಸ್‌ಬಿಯಿಂದಲೇ ನಡೆಯುತ್ತವೆ. ಮುಂದೆ ಇಂಥ ಟಾರ್ಚ್ ಕೊಳ್ಳುವ ಯೋಚನೆ ಇದ್ದರೆ ಈಗಲೇ ಅಂಥದ್ದನ್ನು ತಗೊಂಡುಬಿಡಿ. ಲಿಥಿಯಂ ಸೆಲ್ಲನ್ನು ಅಟ್ಟದ ಮೇಲೆ, ಹಾಸಿಗೆಯ ಮೇಲೆ, ದರಕು ಹುಲ್ಲಿನ ಹತ್ತಿರ ಚಾರ್ಜ್ ಮಾಡಬೇಡಿ. ಸಿಮೆಂಟ್ ನೆಲ, ಕಲ್ಲಿನ ಕಟ್ಟೆ ಒಳ್ಳೆಯದು, ಮನೆಯವರು ಎಚ್ಚರ ಇರುವ ಹೊತ್ತೇ ಒಳ್ಳೆಯದು.

ಟಾರ್ಚಿನಲ್ಲೇ ಯುಎಸ್‌ಬಿ ತೂತು ಇರುವುದೂ ಬರುತ್ತದೆ. ಸೆಲ್ ಹೊರಗೆ ತೆಗೆಯಲು ಬರುವಂಥದ್ದನ್ನೇ ಆರಿಸಿ. ಇಲ್ಲದಿದ್ದರೆ ಸೆಲ್ ಸತ್ತ ದಿನ ಟಾರ್ಚೂ ಸತ್ತಂತೆ. ಅಗ್ಗದ ಕೆಲವು ಟಾರ್ಚುಗಳು ಎರಡೂ ಕಡೆ ಸಿ ಪಿನ್ ಇರುವ ವೈರಿನಲ್ಲಿ ಚಾರ್ಜ್ ಆಗುವುದಿಲ್ಲ. ಒಂದು ಕಡೆ ಹಳೇ ಚಪ್ಪಟೆ ಪಿನ್ ಇರುವ ವೈರ್ ಹಾಕಿ ನೋಡಿ, ಆಗುತ್ತದೆ. ಕೆಟ್ಟಿದೆ ಎಂದು ತಂದ ಟಾರ್ಚನ್ನು ಬರೀ ವೈರ್ ಬದಲಿಸಿ ವಾಪಸ್ ಕಳಿಸಿದ್ದೇನೆ. ಒದ್ದೆ ಇರುವಾಗ ಚಾರ್ಜ್ ಹಾಕಬೇಡಿ. ಗೋಡೆಗೇ ಚುಚ್ಚುವ ಪಿನ್ ಇರುವ ದೊಡ್ಡ ಪ್ಲಾಸ್ಟಿಕ್ ಟಾರ್ಚ್ ಸಂತೆಯಲ್ಲೂ ಸಿಗುತ್ತದೆ. ಅದರೊಳಗೆ ಬಹಳ ಸಲ ಸೀಸದ ಬ್ಯಾಟರಿ ಇರುತ್ತದೆ. ಖಾಲಿಯಾಗಿ ಎರಡು ತಿಂಗಳು ಮೂಲೆಯಲ್ಲಿ ಬಿದ್ದರೆ ಅದು ಮತ್ತೆ ಏಳುವುದಿಲ್ಲ. ಇದ್ದರೆ ತಿಂಗಳಿಗೊಮ್ಮೆ ಮರೆಯದೆ ಚಾರ್ಜ್ ಮಾಡಿ.

ಗೋಡೆ ಗಡಿಯಾರಕ್ಕೆ, ಟಿವಿ ರಿಮೋಟಿಗೆ ಸಾದಾ ಸೆಲ್ಲೇ ಇರಲಿ. ವರ್ಷಕ್ಕೊಂದು ಸೆಲ್ ತಿನ್ನುವ ಗಡಿಯಾರಕ್ಕೆ ರೀಚಾರ್ಜ್ ಸೆಲ್ ಹಾಕಿ ಲಾಭವಿಲ್ಲ.

ಕೊನೆಗೆ ನಿಮ್ಮ ತುಕ್ಕು ಹಿಡಿದ ಸ್ಪ್ರಿಂಗ್. ಸಾದಾ ಸೆಲ್ಲಿನ ಹೊರಗಿನ ಸತುವಿನ ಡಬ್ಬಿಯೇ ಕರೆಂಟ್ ಕೊಡುತ್ತಾ ಕರಗುತ್ತದೆ. ತೂತಾದಾಗ ಒಳಗಿನ ರಸ ಸೋರುತ್ತದೆ. ಅದು ಹುಳಿ ಗುಣದ್ದು. ಅಡುಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆಲ್ಕಲೈನ್ ಸೆಲ್ ಸೋರಿದ್ದರೆ ಬಿಳಿ ಹುಡಿ ಕಾಣುತ್ತದೆ, ಅದಕ್ಕೆ ಮಾತ್ರ ಸೋಡಾ ಅಲ್ಲ, ನಿಂಬೆರಸ. ಆಮೇಲೆ ಸ್ಪ್ರಿಂಗನ್ನು ಸಣ್ಣ ಮರಳು ಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ. ಬಚ್ಚಲು ಒಲೆಯ ಹತ್ತಿರ ಒಂದು ರಾತ್ರಿ ಬಾಯಿ ತೆರೆದು ಒಣಗಲು ಬಿಡಿ. ಬೆಂಕಿಗೆ ತೀರಾ ಹತ್ತಿರ ಬೇಡ. ಸೋರಿದ ಸೆಲ್ಲುಗಳನ್ನು ಗೊಬ್ಬರ ಗುಂಡಿಗೆ, ಒಲೆಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಸೆಲ್ಲನ್ನು ವಾಪಸ್ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಿಸಿದ ಕಂಪನಿಗಳದ್ದು. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಡಿ, ಶಿವಮೊಗ್ಗಕ್ಕೆ ಬರುವಾಗ ತನ್ನಿ. ಇ-ತ್ಯಾಜ್ಯ ತಗೊಳ್ಳುವವರಿಗೆ ಒಟ್ಟಿಗೆ ಕೊಡೋಣ.